ಬೆರೆಜಿನಾ ನದಿಯ ಎರಡು ಸೇತುವೆಗಳು

ಫ್ರೆಂಚ್ ನುಡಿಯಲ್ಲಿ ದೊಡ್ಡ ಅನಾಹುತವನ್ನು ‘ಬೆರೆಜಿನಾ’ ಎಂದು ಕರೆಯುವ ವಾಡಿಕೆಯುಂಟು. ಅದು ಇಂದಿನ ಬೆಲಾರೂಸಿನಲ್ಲಿ ಹರಿಯುವ ಒಂದು ನದಿಯ ಹೆಸರು. ಆ ಹೆಸರಿಗೆ ಈ ಅರ್ಥವು ಬಂದ ಬಗೆಯನ್ನು ವಿದ್ಯಾರ್ಥಿಮಿತ್ರರು ತಿಳಿಯಬೇಕು.

1812ರಲ್ಲಿ ಫ್ರೆಂಚ್ ಚಕ್ರವರ್ತಿ ನೆಪೋಲಿಯನ್ ರಷ್ಯಾ ಸಾಮ್ರಾಜ್ಯದ ಮೇಲೆ ದಂಡೆತ್ತಿ ಹೋದನು. ಮಾಸ್ಕೋ ನಗರವನ್ನು ಹೊಕ್ಕರೂ ಸಂಧಿಯು ಕುದುರದೆ ಅಕ್ಟೋಬರಿನಲ್ಲಿ ಹಿಂದಿರುಗತೊಡಗಿದನು. ಹಸಿವು ಚಳಿಗಳಿಂದ ಜರ್ಜರಿತವಾದ ಸೇನೆಯು ನವೆಂಬರ್ ಕೊನೆಯಲ್ಲಿ ಬೆರೆಜಿನಾದ ದಡವನ್ನು ಮುಟ್ಟಿತು. ಬೊರಿಸೊವ್ ಪಟ್ಟಣದ ಸೇತುವೆಯನ್ನು ರಷ್ಯನ್ನರು ಸುಟ್ಟಿದ್ದರು. ಹೆಪ್ಪುಗಟ್ಟಿ ದಾರಿಯಾಗಬೇಕಿದ್ದ ನದಿಯು ಹಿಮ ಕರಗಿ ಹರಿಯುತ್ತಿತ್ತು.

ಸೇತುವೆ ಕಟ್ಟುವ ದಳದ ನಾಯಕನು ಜನರಲ್ ಎಬ್ಲೆ. ಕೆಲವೇ ದಿನಗಳ ಹಿಂದೆ ದೋಣಿಸೇತುವೆಯ ಸರಂಜಾಮನ್ನು ಸುಟ್ಟುಬಿಡುವಂತೆ ಅಪ್ಪಣೆಯಾಗಿತ್ತು. ಆದರೂ ಅವನು ಹತಾರಗಳನ್ನೂ ಎರಡು ಕುಲುಮೆಗಳನ್ನೂ ಇದ್ದಿಲನ್ನೂ ಉಳಿಸಿಕೊಂಡಿದ್ದನು. ಬೊರಿಸೊವಿನ ದಕ್ಷಿಣದಲ್ಲಿ ದಾಟುವ ಸೋಗು ಹಾಕಿ ಶತ್ರುವಿನ ಗಮನವನ್ನು ಅತ್ತ ಸೆಳೆಯಲಾಯಿತು. ನವೆಂಬರ್ 26ರಂದು ಉತ್ತರದ ಸ್ಟುಡಿಯಾಂಕಾ ಹಳ್ಳಿಯಲ್ಲಿ, ಮನೆಗಳನ್ನು ಕಿತ್ತು ತಂದ ಮರದಿಂದ, ಸುಮಾರು 400 ಮಂದಿ ಹಿಮಗಡ್ಡೆ ತೇಲುವ ನೀರಿನಲ್ಲಿ ನಿಂತು ಎರಡು ಸೇತುವೆಗಳನ್ನು ಕಟ್ಟಿದರು. ಬಂಡಿ ಫಿರಂಗಿಗಳ ಸೇತುವೆಯು ಮತ್ತೆ ಮತ್ತೆ ಕುಸಿಯಿತು. ಅವರು ನಡುರಾತ್ರಿಯಲ್ಲಿಯೂ ನೀರಿಗಿಳಿದರು. ಅವರಲ್ಲಿ ಅನೇಕರು ಡಚ್ಚರು. ಅವರ ನಾಡನ್ನು ಅದೇ ಫ್ರೆಂಚ್ ಸಾಮ್ರಾಜ್ಯವು 1810ರಲ್ಲಿ ನುಂಗಿತ್ತು.

28ರಂದು ಎರಡೂ ದಡಗಳಲ್ಲಿ ಘೋರ ಕಾಳಗವಾಯಿತು. ಆ ರಾತ್ರಿ ಸೇತುವೆಗಳು ತೆರವಾಗಿದ್ದವು. ದಂಡಿನಿಂದ ಚದುರಿ ದಡದಲ್ಲಿ ಉಳಿದಿದ್ದ ಸಾವಿರಾರು ಮಂದಿಯನ್ನು, ಗಾಯಾಳುಗಳನ್ನು, ಹೆಂಗಸರು ಮಕ್ಕಳನ್ನು ಈಗಲೇ ದಾಟಿರೆಂದು ಎಬ್ಲೆ ಒತ್ತಾಯಿಸಿದನು. ಹೆಚ್ಚಿನವರು ಬೆಂಕಿಯ ಬಳಿಯಿಂದ ಏಳಲಿಲ್ಲ. ಅವರನ್ನು ಅವಿವೇಕಿಗಳೆನ್ನುವುದು ಸುಲಭ. ಮರಗಟ್ಟಿದ ಮೈಗೆ ದೊರೆತ ಬೆಂಕಿಯನ್ನು ತೊರೆದು ಕತ್ತಲಿಗೆ ನಡೆಯುವುದು ಎಷ್ಟು ಕಠಿನವೆಂಬುದನ್ನು ನಾವು ಬಲ್ಲೆವೇ? 29ರ ಬೆಳಗ್ಗೆ, ಅಪ್ಪಣೆಯ ಹೊತ್ತು ಮೀರುವವರೆಗೂ ಕಾದು, ಎಬ್ಲೆ ಸೇತುವೆಗಳಿಗೆ ಬೆಂಕಿಯಿಡಿಸಿದನು. ಆಗ ಜನರು ಉರಿಯುವ ಹಲಗೆಗಳತ್ತ ಓಡಿದರು. ಸಾವಿರಾರು ಮಂದಿ ಆಚೆಯೇ ಉಳಿದರು.

ಚಕ್ರವರ್ತಿಯು ಪಾರಾದನು. ಸೇತುವೆ ಕಟ್ಟಿದವರಲ್ಲಿ ಬದುಕಿ ಮನೆ ಸೇರಿದವರು ಬಹು ಕಡಮೆ; ಎಬ್ಲೆಯೂ ಅದೇ ಡಿಸೆಂಬರಿನಲ್ಲಿ ತೀರಿಕೊಂಡನು. ಫ್ರೆಂಚ್ ನುಡಿಯು ಆ ಅನಾಹುತವನ್ನು ಒಂದು ಪದದಲ್ಲಿ ನೆನಪಿಟ್ಟಿದೆ. ತಣ್ಣೀರಿನಲ್ಲಿ ನಿಂತು ಇತರರಿಗೆ ದಾರಿ ಮಾಡಿಕೊಟ್ಟವರನ್ನು ನೆನಪಿಡುವ ಹೊಣೆಯು ಓದುವ ನಮ್ಮದು.