ದನಿಯೂ ಬೀಜದಂತೆ ಊರಿಗೆ ಮರಳಲಿ

ಬೀಜವನ್ನು ಶೈತ್ಯಾಗಾರದಲ್ಲಿ ಇರಿಸಿದ ಮಾತ್ರಕ್ಕೆ ತಳಿ ಉಳಿಯದು. ಅಲ್ಲಿಯೂ ಮೊಳಕೆಯ ಶಕ್ತಿ ಕ್ರಮೇಣ ಕುಂದುತ್ತದೆ. ಆಗಾಗ ಹೊರತೆಗೆದು ಬಿತ್ತಿ ಹೊಸ ಬೀಜ ಪಡೆಯಬೇಕು. ವಸ್ತುಸಂಗ್ರಹಾಲಯ ಮತ್ತು ಸಂಶೋಧನ ಕೇಂದ್ರಗಳ ಧ್ವನಿಭಂಡಾರಗಳಿಗೂ ಈ ಮಾತು ಸಲ್ಲುತ್ತದೆ.

ಮಲೆನಾಡಿನಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತಿರುವಂತೆ ನಾಟಿಯ ಹಾಡುಗಳೂ ನೆಲೆ ಕಳೆದುಕೊಳ್ಳುತ್ತಿವೆ. ಹಾಡುವವರು ಇಲ್ಲವಾದ ಮೇಲೆ ಉಳಿಯುವುದು ಧ್ವನಿಮುದ್ರಿಕೆ ಮಾತ್ರ.

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದ ಹಾಡು, ವಾದ್ಯಗಳನ್ನು ಧ್ವನಿಮುದ್ರಿಸಿದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವುಗಳ ಪ್ರತಿಗಳೊಡನೆ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಅದೇ ಜಾಡು ಹಿಡಿದು ಸಂಚರಿಸಿದರು. ಯಾವ ಕಲೆ ಉಳಿದಿದೆ, ಯಾವುದು ಮಾರ್ಪಟ್ಟಿದೆ ಎಂಬುದು ಆಗ ತಿಳಿದುಬಂತು. ಭಂಡಾರದ ದನಿ ಹುಟ್ಟೂರಿಗೆ ಮರಳಿದ್ದರಿಂದಲೇ ಇದು ಸಾಧ್ಯವಾಯಿತು.

ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು 1990ರಲ್ಲಿ ಹಾಡಿದ ತುಳು ಸಿರಿ ಪಾಡ್ದನವು 1998ರಲ್ಲಿ 15,683 ಸಾಲುಗಳ ಗ್ರಂಥವಾಗಿ ಅಚ್ಚಾಯಿತು. ಆದರೆ ಅಚ್ಚಿನಲ್ಲಿ ಪದವಿದೆ. ರಾಗ, ಉಸಿರು, ನಿಲುಗಡೆಗಳು ಧ್ವನಿಮುದ್ರಿಕೆಯಲ್ಲಿ ಮಾತ್ರ ಇವೆ.

ಮುದ್ರಿಕೆಯೂ ಚಿರಂಜೀವಿಯಲ್ಲ. ಟೇಪಿನ ಕಾಂತೀಯ ಲೇಪವು ತೇವವನ್ನು ಹೀರಿ ಅಂಟಂಟಾಗುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಡ. ಟೇಪು ಚೆನ್ನಾಗಿದ್ದರೂ ಅದನ್ನು ನುಡಿಸುವ ಯಂತ್ರ, ಬಿಡಿಭಾಗಗಳು ದುರ್ಲಭವಾಗಿವೆ. ಕಾಂತೀಯ ಟೇಪುಗಳ ಬಗೆಗೆ ಯುನೆಸ್ಕೋದ ಯೋಜನೆಯೊಂದು 2019ರಲ್ಲಿಯೇ ಎಚ್ಚರಿಸಿತ್ತು. ಆದುದರಿಂದ ಡಿಜಿಟಲ್ ಪ್ರತಿ ಮಾಡುವುದು ತುರ್ತಿನ ಕೆಲಸ. ಆ ಪ್ರತಿಯನ್ನೂ ಒಂದೇ ಕಡೆ ಇಡದೆ ಎರಡು ಮೂರು ಕಡೆ ಕಾಪಿಡಬೇಕು.

ಎಲ್ಲರಿಗೂ ತೆರೆದರೆ ದುರುಪಯೋಗವಾಗದೇ ಎಂಬ ಆಕ್ಷೇಪ ನ್ಯಾಯವಾದುದೇ. ಆರಾಧನೆಯ ಹಾಡುಗಳನ್ನು ಯಾರು, ಎಲ್ಲಿ, ಯಾವಾಗ ಕೇಳಬಹುದೆಂಬುದನ್ನು ಆಯಾ ಸಮುದಾಯವೇ ನಿರ್ಧರಿಸಲಿ. ಆದರೆ ಹಾಡಿದವರ ಮೊಮ್ಮಕ್ಕಳಿಗೇ ದನಿ ದೊರೆಯದಂತೆ ಬೀಗ ಹಾಕುವುದು ಸಂರಕ್ಷಣೆಯಲ್ಲ.

ಸಾರ್ವಜನಿಕ ಹಣದಿಂದ ನಡೆಯುವ ಪ್ರತಿಯೊಂದು ಭಂಡಾರವೂ ಕನ್ನಡದಲ್ಲಿ ಸೂಚಿಯನ್ನು ಪ್ರಕಟಿಸಲಿ. ಆಯಾ ಊರಿನ ದನಿಯ ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಬರಲಿ. ವಿದ್ಯಾರ್ಥಿಗಳು ಹಿರಿಯರ ಒಪ್ಪಿಗೆ ಪಡೆದು ಹಾಡು, ಮಳೆಯ ಗಾದೆ, ತಳಿಗಳ ಹೆಸರುಗಳನ್ನು ಧ್ವನಿಮುದ್ರಿಸಿ, ಊರು, ದಿನಾಂಕ, ಹೇಳಿದವರ ಹೆಸರನ್ನು ತಪ್ಪದೆ ದಾಖಲಿಸಲಿ. ಮುಂದಿನ ಗ್ರಾಮಸಭೆಯಲ್ಲಿಯೇ ಈ ಬೇಡಿಕೆಯನ್ನು ಮಂಡಿಸೋಣ.