ನೆಲಕ್ಕಂಟಿದ ಕಾರು

ನನ್ನ ತಮ್ಮನ ಮಗ ತನ್ನ ಸ್ವಿಫ್ಟ್ ಕಾರಿಗೆ ಗಿಡ್ಡ ಸ್ಪ್ರಿಂಗು ಹಾಕಿಸಿ, ಅಗಲವಾದ, ಬದಿ ಗಿಡ್ಡವಾದ ಟೈರು ತೊಡಿಸಿದ್ದಾನೆ. "ನೋಡ್ರಿ ಅತ್ತಿ, ತಿರುವಿನ್ಯಾಗ ಹ್ಯಾಂಗ ನೆಲಕ್ಕ ಅಂಟತದ!" ಎನ್ನುತ್ತ ಬೀದರಿನಿಂದ ಔರಾದಿಗೆ ನನ್ನನ್ನು ಕೂರಿಸಿಕೊಂಡು ಹೊರಟ. ಊರ ಹೊರಗಿನ ನುಣುಪು ರಸ್ತೆಯಲ್ಲಿ ಅವನ ಮಾತು ಸುಳ್ಳಾಗಲಿಲ್ಲ, ಒಪ್ಪುತ್ತೇನೆ. ತಗ್ಗಿದ ಕಾರು ಕಡಿಮೆ ವಾಲುತ್ತದೆ. ಗಿಡ್ಡ ಬದಿಯ ಟೈರು ಸ್ಟೀರಿಂಗಿನ ಮಾತನ್ನು ತಟ್ಟನೆ ಕೇಳುತ್ತದೆ.

ಆದರೆ ಕೌಠಾ ಸೇತುವೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಡಾಂಬರು ಕಿತ್ತಿತ್ತು. ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಉಳಿದಿರಲಿಲ್ಲ. ಧಡಕ್ಕನೆ ಬಡಿದು ಹಿಂದಿನ ಚಕ್ರ ನೆಲ ಬಿಟ್ಟಿತು, ಕಾರು ಪಕ್ಕಕ್ಕೆ ಜಿಗಿಯಿತು. ಎದುರಿಗೆ ಕಬ್ಬಿನ ಟ್ರ್ಯಾಕ್ಟರು! ಹೇಗೋ ಉಳಿದೆವು. ನೆಲ ಬಿಟ್ಟ ಟೈರು ಎಷ್ಟು ಅಗಲವಿದ್ದರೇನು, ಹೇಳಿ?

"ಕಂಪನಿಯವರೂ ಗಟ್ಟಿ ಮಾಡ್ತಾರಲ್ಲ" ಎಂಬುದು ಅವನ ವಾದ. ಹೌದಪ್ಪ, 2021ರಲ್ಲಿ ಬಂದ ಐ20 ಎನ್ ಲೈನ್ ಕಾರಿನ ಸಸ್ಪೆನ್ಷನ್ ಗಡುಸೇ. ಅವರು ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಟೈರು ಮೂರನ್ನೂ ಒಂದಕ್ಕೊಂದು ಹೊಂದಿಸಿ, ಓಡಿಸಿ ನೋಡಿ ಮಾರುತ್ತಾರೆ. ನೀನು ಹಳೆಯ ಶಾಕಿಗೆ ಹೊಸ ಗಡುಸು ಸ್ಪ್ರಿಂಗು ಕಟ್ಟಿದೆ. ಅದರ ಕುಣಿತವನ್ನು ಹಿಡಿದು ನಿಲ್ಲಿಸುವವರು ಯಾರು? ಇದು ಕನ್ನಡ ಕಲಿಸುವ ನನಗೇ ತಿಳಿಯುತ್ತದೆ.

ಇನ್ನು ಮಳೆಗಾಲ. ಭಾಲ್ಕಿ ಕಡೆ ಟ್ರ್ಯಾಕ್ಟರುಗಳು ಹೊಲದ ಎರೆಮಣ್ಣನ್ನು ರಸ್ತೆಗೆ ತರುತ್ತವೆ. ನೆನೆದರೆ ಸಾಬೂನೇ ಸರಿ. ನಿಂತ ನೀರಿನಲ್ಲಿ ಅಗಲ ಟೈರು ಕಿರಿದಾದದ್ದಕ್ಕಿಂತ ಬೇಗ ತೇಲುತ್ತದೆ.

ಕಂಪನಿ ಹೇಳಿದ ಅಳತೆಯ ಒಳ್ಳೆಯ ಟೈರು ಕೊಳ್ಳು, ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಗಾಳಿ ಹಾಕಿಸು ಎಂದೆ. "ಸಾಲಿ ಪಾಠ ಬ್ಯಾಡ್ರಿ ಅತ್ತಿ" ಎಂದು ನಕ್ಕ. ಹಿಂತಿರುಗುವಾಗ ನಾನು ಸರ್ಕಾರಿ ಬಸ್ಸು ಹತ್ತಿದೆ.