ಕಡೂರಿನ ವೇದಾ, ಕಳಸದ ಹುಡುಗಿಯರು

ಕಡೂರಿನ ವೇದಾ ಕೃಷ್ಣಮೂರ್ತಿ 2025ರ ಜುಲೈನಲ್ಲಿ ಕ್ರಿಕೆಟ್ಟಿಗೆ ವಿದಾಯ ಹೇಳಿದರು. 2011ರಲ್ಲಿ ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಆಡಿದ ಮೊದಲ ಏಕದಿನ ಪಂದ್ಯದಲ್ಲೇ ಅವರು 51 ರನ್ ಗಳಿಸಿದ್ದರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಗಳಲ್ಲಿ 70, ಲಾರ್ಡ್ಸ್‌ನ ಫೈನಲ್ಲಿನಲ್ಲಿ 35. ಆ ಫೈನಲ್ಲನ್ನು ಭಾರತ 9 ರನ್ನುಗಳಿಂದ ಸೋತಿತು. ಒಟ್ಟು 48 ಏಕದಿನ ಹಾಗೂ 76 ಟಿ-20 ಪಂದ್ಯಗಳು. ಜಿಲ್ಲೆ ಹೆಮ್ಮೆಪಡಬೇಕಾದ ಸಾಧನೆಯಿದು. ಆದರೆ ಇದಕ್ಕಾಗಿ ಅವರು ಹದಿಮೂರರ ಆಸುಪಾಸಿನಲ್ಲೇ ಊರು ಬಿಟ್ಟು ಬೆಂಗಳೂರು ಸೇರಬೇಕಾಯಿತು.

ಸ್ಪೇನಿನ ಫುಟ್‌ಬಾಲ್ ರಕ್ಷಣಾ ಆಟಗಾರ್ತಿ ಇರೆನೆ ಪರೇದೆಸ್ ಅವರದು ಬೇರೆಯೇ ಹಾದಿ. 1991ರಲ್ಲಿ ಬಾಸ್ಕ್ ಸೀಮೆಯ ಲೆಗಾಸ್ಪಿ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದ ಅವರು, 2016ರಲ್ಲಿ ಪ್ಯಾರಿಸ್ಸಿಗೆ ಹೋಗುವವರೆಗೂ ತಮ್ಮ ಸೀಮೆಯ ಕ್ಲಬ್ಬುಗಳಲ್ಲೇ ಆಡಿದರು. ಆಗ ಅವರಿಗೆ 25 ವರ್ಷ. 2023ರಲ್ಲಿ ಸಿಡ್ನಿಯಲ್ಲಿ ವಿಶ್ವಕಪ್ ಗೆದ್ದ ತಂಡದ ರಕ್ಷಣೆಯಲ್ಲಿ ಅವರಿದ್ದರು. ಅಲ್ಲಿಯೂ ಎಲ್ಲವೂ ತಾನಾಗಿ ಒದಗಿದ್ದಲ್ಲ. 2019ರ ನವೆಂಬರಿನಲ್ಲಿ ಆಟಗಾರ್ತಿಯರು ಮುಷ್ಕರ ಹೂಡಿದ ಮೇಲೆಯೇ, 2020ರ ಒಪ್ಪಂದದಲ್ಲಿ ವರ್ಷಕ್ಕೆ 16,000 ಯೂರೋಗಳ ಕನಿಷ್ಠ ವೇತನ ದೊರೆತದ್ದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ಕಾಣುವ ವ್ಯತ್ಯಾಸ ಪ್ರತಿಭೆಯದಲ್ಲ, ಅದಕ್ಕೆ ತೆರಬೇಕಾದ ಬೆಲೆಯದು. ಮಗಳನ್ನು ದೂರದ ನಗರಕ್ಕೆ ಕಳುಹಿಸುವ ಖರ್ಚು, ಆತಂಕ ಎರಡನ್ನೂ ಹೊರಬಲ್ಲ ಕುಟುಂಬಕ್ಕೆ ಮಾತ್ರ ನಮ್ಮಲ್ಲಿ ಕ್ರೀಡೆ ದಕ್ಕುತ್ತದೆ. ಕಡೂರಾದರೋ ಬಯಲುಸೀಮೆಯ, ರೈಲು ನಿಲ್ಲುವ ಊರು. ಮೂಡಿಗೆರೆ, ಕಳಸದ ಗುಡ್ಡಗಳಲ್ಲಿ ಸಮತಟ್ಟಾದ ಜಾಗವೇ ದುರ್ಲಭ. ಜೂನ್‌ನಿಂದ ನಾಲ್ಕು ತಿಂಗಳು ಮಳೆ ಬಿಡುವುದಿಲ್ಲ. ತೋಟದ ಲೈನುಮನೆಗಳಲ್ಲಿ ಬೆಳೆಯುವ ಹುಡುಗಿಯ ತಾಯಿ ಕೊಯ್ಲಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಕುಯ್ಯುತ್ತಾಳೆ. ಅಂಥ ಮನೆಯ ಮಗಳು ಬೆಂಗಳೂರಿನ ಕನಸು ಕಾಣುವುದಾದರೂ ಹೇಗೆ?

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನಾನು ಕಂಡದ್ದು ಒಂದೇ: ಕ್ರೀಡಾಂಗಣ ಕಟ್ಟಲು ಹಣ ಸುಲಭವಾಗಿ ಮಂಜೂರಾಗುತ್ತದೆ, ಅಲ್ಲಿ ಆಡಿಸುವವರ ಸಂಬಳಕ್ಕೆ ಮಾತ್ರ ಸಿಗುವುದಿಲ್ಲ. ಕಟ್ಟಡಕ್ಕೆ ಉದ್ಘಾಟನೆ ಉಂಟು, ತರಬೇತುದಾರನ ಹುದ್ದೆಗೆ ಇಲ್ಲ. ಈ ಕ್ರಮ ತಿರುವುಮುರುವಾಗಬೇಕು. ಮಲೆನಾಡಿನ ಪ್ರತಿ ತಾಲ್ಲೂಕಿನಲ್ಲೂ ಮಳೆಗಾಲದಲ್ಲಿ ಆಡಲು ಸೂರಿರುವ ಒಂದು ಚಿಕ್ಕ ಅಂಗಣ, ಒಬ್ಬ ಕಾಯಂ ಮಹಿಳಾ ತರಬೇತುದಾರರು, ಹತ್ತಿರದಲ್ಲೇ ಬಾಲಕಿಯರ ವಿದ್ಯಾರ್ಥಿನಿಲಯ ಇರಲಿ. ಐದೈದು ಜನರ ಫುಟ್‌ಬಾಲಿಗೆ ದೊಡ್ಡ ಮೈದಾನವೂ ಬೇಡ.

ಹೊಣೆ ಸರ್ಕಾರದ್ದಷ್ಟೇ ಅಲ್ಲ. 2025ರ ಆರಂಭದಲ್ಲಿ ಕಾಫಿ ಬೆಲೆ ದಾಖಲೆ ಮಟ್ಟಕ್ಕೆ ಏರಿತು. ಆ ಲಾಭದ ಒಂದಂಶದಲ್ಲಿ ಬೆಳೆಗಾರರ ಸಂಘಗಳು ತರಬೇತುದಾರರ ಸಂಬಳ ಭರಿಸಬಹುದು. ಆ ಹಣ್ಣು ಕುಯ್ದ ಕೈಗಳ ಋಣ ತೀರಿಸಲು ಅದೂ ಒಂದು ದಾರಿ.

ವೇದಾ ನಿವೃತ್ತರಾದ ಕೆಲವೇ ತಿಂಗಳಲ್ಲಿ, 2025ರ ನವೆಂಬರ್ 2ರಂದು, ಭಾರತದ ವನಿತೆಯರು ವಿಶ್ವಕಪ್ ಗೆದ್ದರು. ಅಭಿನಂದನಾ ಸಮಾರಂಭಗಳೂ ನಡೆದವು. ಮುಂದಿನ ಆಟಗಾರ್ತಿ ಮನೆಯಿಂದಲೇ ಅಭ್ಯಾಸಕ್ಕೆ ಹೋಗಿಬರುವಂತಾದರೆ ಆ ಸಂಭ್ರಮಕ್ಕೆ ಅರ್ಥ ಬಂದೀತು.